ಹಳೆಯ ಡಚ್ ಊರಿನ ನಕ್ಷೆ ಕೊಳ್ಳುವ ಮುಂಚೆ ಬೆನ್ನು ತಿರುಗಿಸಿ ನೋಡಿ: ಡೆಲ್ಫ್ಟ್ ನಕ್ಷೆಯ ಸಮಗ್ರ ಮಾರ್ಗದರ್ಶಿ

ಹಳೆಯ ನಕ್ಷೆಯ ಮೇಲೆ ಅಂಗಡಿಯವರು ‘1649’ ಅಂತ ಚೀಟಿ ಅಂಟಿಸಿದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾವುದರ ವರ್ಷ? ಊರಿನದ್ದಾ, ತಗಡಿನದ್ದಾ, ಕಾಗದದ್ದಾ?

ಮೂರೂ ಬೇರೆ ಬೇರೆ. ಊರನ್ನು ಅಳೆದ ಕಾಲ ಒಂದು. ಆ ಅಳತೆ ನೋಡಿಕೊಂಡು ತಾಮ್ರದ ತಗಡಿನಲ್ಲಿ ಗೆರೆ ಕೊರೆದ ಕಾಲ ಇನ್ನೊಂದು. ಆ ತಗಡಿಗೆ ಮಸಿ ತುಂಬಿ, ಈಗ ನಿಮ್ಮ ಕೈಲಿರುವ ಹಾಳೆಯನ್ನು ಅಚ್ಚು ಹಾಕಿದ ಕಾಲ ಮತ್ತೊಂದು. ತಾಮ್ರದ ತಗಡು ದುಬಾರಿ ವಸ್ತು. ಒಬ್ಬ ಪ್ರಕಾಶಕ ಸತ್ತರೆ ಇನ್ನೊಬ್ಬ ಹರಾಜಿನಲ್ಲಿ ಕೊಂಡು ಅಚ್ಚು ಮುಂದುವರಿಸುತ್ತಿದ್ದ. ಹಾಗಾಗಿ 1649ರ ತಗಡಿನಿಂದ 1700ರ ಆಸುಪಾಸಿನಲ್ಲಿ ತೆಗೆದ ಹಾಳೆ ಸಿಗುವುದು ತೀರಾ ಸಾಮಾನ್ಯ. ಅದು ನಕಲಿಯೇನಲ್ಲ. ಆದರೆ ‘1649’ ಎಂದು ಬೆಲೆ ಕಟ್ಟುವುದು ಸರಿಯಲ್ಲ.

ಉದಾಹರಣೆಗೆ ಒಂದೇ ಊರು ಹಿಡಿದುಕೊಳ್ಳೋಣ. ಹಾಲೆಂಡಿನ ಡೆಲ್ಫ್ಟ್. ಆಮ್‌ಸ್ಟರ್‌ಡ್ಯಾಮಿನ ಯೊವಾನ್ ಬ್ಲೌ ತನ್ನ ಊರುಗಳ ಅಟ್ಲಾಸಿನಲ್ಲಿ ಪ್ರಕಟಿಸಿದ ಡೆಲ್ಫ್ಟ್ ನಕ್ಷೆ ಸಂಗ್ರಹಕಾರರಿಗೆ ಬಹಳ ಇಷ್ಟ. ಕೆಲಸಕ್ಕೆ ಅಂತ ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ಇರುವ ಕನ್ನಡಿಗರಿಗೆ ಹಳೆ ಪುಸ್ತಕದಂಗಡಿಗಳಲ್ಲಿ ಇಂಥವು ಕಣ್ಣಿಗೆ ಬೀಳುತ್ತವೆ. ಇಲ್ಲಿ ಕೂತು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರೂ ಇದ್ದಾರೆ. ಕ್ರಮ ಇಬ್ಬರಿಗೂ ಒಂದೇ. ಬೇರೆ ಡಚ್ ಊರುಗಳ ನಕ್ಷೆಗೂ ಇದನ್ನೇ ಅನ್ವಯಿಸಬಹುದು.

ಬೇಕಾದ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚು (ಫೋನಿನದ್ದೂ ಆಗುತ್ತದೆ), ಒಂದು ಯುವಿ ಟಾರ್ಚು, ಪ್ಲಾಸ್ಟಿಕ್ ಸ್ಕೇಲು, ಪೆನ್ಸಿಲು. ಪೆನ್ನು ಬೇಡವೇ ಬೇಡ. ಬಿಳಿ ಹತ್ತಿ ಕೈಗವಸೂ ಬೇಡ. ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ ಅಷ್ಟೇ, ಕಾಗದದ ಅಂಚು ಬೆರಳಿಗೆ ಗೊತ್ತಾಗದೆ ಹರಿಯುತ್ತದೆ. ತೊಳೆದು ಒಣಗಿಸಿದ ಕೈ ಸಾಕು.

ಮೊದಲ ಹೆಜ್ಜೆ: ತಗಡಿನ ವಂಶಾವಳಿ ತಿಳಿದುಕೊಳ್ಳಿ

ನಕ್ಷೆ ಕೈಗೆ ಬರುವ ಮುಂಚೆಯೇ ಈ ಕತೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಯೂರೋಪಿನ ಊರುಗಳ ಮೊದಲ ದೊಡ್ಡ ಅಟ್ಲಾಸ್ ಹೊರಬಂದದ್ದು ಜರ್ಮನಿಯ ಕಲೋನಿನಲ್ಲಿ. ಗೇಯೋರ್ಗ್ ಬ್ರೌನ್ ಮತ್ತು ಫ್ರಾನ್ಸ್ ಹೊಗೆನ್‌ಬರ್ಗ್ 1572ರಲ್ಲಿ ಮೊದಲ ಸಂಪುಟ ತಂದರು. ಆರನೆಯದು ಬರುವ ಹೊತ್ತಿಗೆ 1617 ಆಗಿತ್ತು. ಐನೂರಕ್ಕೂ ಹೆಚ್ಚು ಊರುಗಳ ಚಿತ್ರ ಅದರಲ್ಲಿವೆ. ಎಷ್ಟೋ ಹಾಳೆಗಳಲ್ಲಿ ಮುಂಭಾಗದಲ್ಲಿ ಆ ಊರಿನ ಉಡುಪು ತೊಟ್ಟ ಜನ ನಿಂತಿರುತ್ತಾರೆ. ಡಚ್ ಊರುಗಳಿಗೆ ಇವರಿಗೆ ದೊಡ್ಡ ಆಸರೆಯಾದದ್ದು ಯಾಕೋಬ್ ಫನ್ ಡೆವೆಂಟರ್‌ನ ಸರ್ವೆ. ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಆಜ್ಞೆಯಂತೆ ಅವನು ಇನ್ನೂರಕ್ಕೂ ಹೆಚ್ಚು ಊರುಗಳನ್ನು ಅಳೆದು ಬರೆದಿದ್ದ.

ಬ್ಲೌನ ಅಟ್ಲಾಸ್ ಇದಾದ ಮೇಲಿನದು. 1648ರಲ್ಲಿ ಮ್ಯೂನ್‌ಸ್ಟರ್ ಒಪ್ಪಂದವಾಗಿ ಸ್ಪೇನಿನ ಜೊತೆಗಿನ 80 ವರ್ಷಗಳ ಯುದ್ಧ ಮುಗಿಯಿತು. ಡಚ್ ಗಣರಾಜ್ಯವನ್ನು ಸ್ಪೇನ್ ಒಪ್ಪಿಕೊಂಡಿತು. ಮರುವರ್ಷವೇ ಬ್ಲೌ ಎರಡು ಸಂಪುಟಗಳನ್ನು ಹೊರತಂದ. ಸ್ವತಂತ್ರ ಉತ್ತರಕ್ಕೆ ಒಂದು, ಸ್ಪೇನಿನ ಕೈಲೇ ಉಳಿದ ದಕ್ಷಿಣಕ್ಕೆ ಒಂದು. ಹೊಸದಾಗಿ ಗೆದ್ದ ದೇಶ ತನ್ನ ಊರುಗಳನ್ನು ಒಂದೊಂದಾಗಿ ಎತ್ತಿ ತೋರಿಸಿಕೊಂಡ ಪುಸ್ತಕ ಅದು. ಲ್ಯಾಟಿನ್ ಆವೃತ್ತಿ ಇತ್ತು, ಡಚ್ ಆವೃತ್ತಿಯೂ ಇತ್ತು.

ಪ್ರತಿಸ್ಪರ್ಧಿ ಸುಮ್ನೆ ಕೂರಲಿಲ್ಲ. ಯೊಹಾನಸ್ ಯಾನ್ಸೋನಿಯಸ್ ಬ್ರೌನ್-ಹೊಗೆನ್‌ಬರ್ಗ್ ತಗಡುಗಳನ್ನು ಕೊಂಡುಕೊಂಡ. ಎಷ್ಟೋ ಡಚ್ ಊರುಗಳಿಗೆ ಬ್ಲೌನ ನಕ್ಷೆಯನ್ನೇ ನೋಡಿಕೊಂಡು ಬೇರೆ ತಗಡು ಕೊರೆಸಿದ. 1657ರಲ್ಲಿ ತನ್ನದೇ ಊರುಗಳ ಅಟ್ಲಾಸ್ ಮಾರಾಟಕ್ಕಿಟ್ಟ. ಅದಕ್ಕೇ ಒಂದೇ ಊರಿನ ಬ್ಲೌ ಹಾಳೆ, ಯಾನ್ಸೋನಿಯಸ್ ಹಾಳೆ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ.

1672ರ ಫೆಬ್ರವರಿಯಲ್ಲಿ ಬ್ಲೌನ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಮರುವರ್ಷ ಅವನೂ ಹೋದ. ಉಳಿದ ತಗಡುಗಳು ಹರಾಜಾದವು. ಊರುಗಳ ತಗಡುಗಳಲ್ಲಿ ಬಹಳಷ್ಟು ಕಾಲಕ್ರಮದಲ್ಲಿ ಫ್ರೆಡೆರಿಕ್ ಡೆ ವಿಟ್‌ನ ಕೈ ಸೇರಿದವು. ಅವನು 17ನೇ ಶತಮಾನದ ಕೊನೆಯಲ್ಲಿ ಅವನ್ನು ತನ್ನ ಅಟ್ಲಾಸಾಗಿ ಹೊರತಂದ. ಅವನ ನಂತರ ಕೆಲವು ತಗಡುಗಳು ಲೈಡನ್ನಿನ ಪೀಟರ್ ಫನ್ ಡರ್ ಆ ಬಳಿ ಹೋಗಿ, 1729ರವರೆಗೂ ದುಡಿದವು.

ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಅದೇ ಬೀಗದ ಕೈ.

ಎರಡನೇ ಹೆಜ್ಜೆ: ಹಾಳೆ ತಿರುಗಿಸಿ

ಮುಂಭಾಗ ಎಲ್ಲರೂ ನೋಡುತ್ತಾರೆ. ವ್ಯವಹಾರ ಗೊತ್ತಿರುವವರು ಬೆನ್ನು ನೋಡುತ್ತಾರೆ. ಅಂಗಡಿಯವರು ಚೌಕಟ್ಟಿನಿಂದ ಬಿಚ್ಚಿ ತೋರಿಸಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಆನ್‌ಲೈನಿನಲ್ಲಾದರೆ ಹಿಂಬದಿಯ ಪೂರ್ತಿ ಫೋಟೋ ಕೇಳಿ. ‘ಹಿಂದೆ ಏನೂ ಇಲ್ಲ’ ಎಂಬ ಉತ್ತರ ಬಂದರೆ ಅದೂ ಒಂದು ಮಾಹಿತಿಯೇ, ಅದಕ್ಕೂ ಫೋಟೋ ಕೇಳಿ.

ಬ್ಲೌನ ಅಟ್ಲಾಸಿನ ಹಾಳೆಯ ಹಿಂದೆ ಊರಿನ ವರ್ಣನೆ ಅಚ್ಚಾಗಿರುತ್ತದೆ. ಯಾವ ಭಾಷೆ ಅಂತ ಗುರುತಿಸಲು ಆ ಭಾಷೆ ಕಲಿಯಬೇಕಿಲ್ಲ. ಪದಗಳು ಉಸ್, ಉಮ್, ಇಸ್ ಅಂತ ಮುಗಿಯುತ್ತಿದ್ದರೆ ಲ್ಯಾಟಿನ್. ಡೆ, ಫನ್, ಎಂಡೆ ಎಂಬ ಚಿಕ್ಕ ಪದಗಳು ಸಾಲುಸಾಲಿಗೂ ಬಂದರೆ ಡಚ್. ಪುಟದ ಕೆಳಗೆ ಒಂದು ಅಕ್ಷರ, ಅಂಕೆ ಇರುತ್ತದೆ. ಹಾಳೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲಿ ಅಂತ ಬೈಂಡಿಂಗಿನವರಿಗೆ ಹಾಕಿದ ಗುರುತು ಅದು. ಭಾಷೆ, ಪುಟದ ಸಂಖ್ಯೆ, ಈ ಗುರುತು, ಜೊತೆಗೆ ವರ್ಣನೆಯ ಮೊದಲ ಮತ್ತು ಕೊನೆಯ ಸಾಲು. ಇಷ್ಟನ್ನು ಬರೆದುಕೊಂಡರೆ ಯಾವ ಆವೃತ್ತಿ ಎಂದು ಹೇಳಬಹುದು. ಪೀಟರ್ ಫನ್ ಡರ್ ಕ್ರೋಖ್ಟ್ ಪರಿಷ್ಕರಿಸಿದ ‘ಕೂಮನ್ಸ್ ಅಟ್ಲಾಂಟೆಸ್ ನೇರ್ಲಾಂಡಿಸಿ’ಯ ನಾಲ್ಕನೇ ಸಂಪುಟ ಪೂರ್ತಿ ಊರುಗಳ ಅಟ್ಲಾಸುಗಳದ್ದೇ. ದುಬಾರಿ ಪುಸ್ತಕ, ಕೊಳ್ಳಬೇಕಿಲ್ಲ. ವಿಷಯ ಬಲ್ಲ ಡೀಲರುಗಳು ಅದರ ಕ್ರಮಸಂಖ್ಯೆಯನ್ನು ತಮ್ಮ ವಿವರಣೆಯಲ್ಲೇ ಕೊಡುತ್ತಾರೆ.

ಬೆನ್ನು ಖಾಲಿ ಇದ್ದರೆ? ಆಗ ಡೆ ವಿಟ್‌ನ ಕಾಲದ ಹಾಳೆ ಇರಬಹುದು, ಅವನ ಅಟ್ಲಾಸಿನಲ್ಲಿ ಹಿಂದೆ ವರ್ಣನೆ ಇಲ್ಲ. ಮುಂಭಾಗದ ಕೆಳ ಅಂಚಿನಲ್ಲಿ ಅವನ ಹೆಸರು ಸೇರಿದೆಯೇ ನೋಡಿ. ಹೆಸರಿನ ಜೊತೆ ‘ಎಕ್ಸ್‌ಕುಡಿಟ್’ ಅಂತಿದ್ದರೆ ಅವನು ಪ್ರಕಾಶಕ. ‘ಸ್ಕಲ್ಪ್‌ಸಿಟ್’ ಅಂತಿದ್ದರೆ ಕೊರೆದವನು. ತಗಡು ಕೈ ಬದಲಾದಾಗ ಹಳೆಯ ಪ್ರಕಾಶಕನ ಹೆಸರನ್ನು ಉಜ್ಜಿ ಹೊಸದನ್ನು ಕೊರೆಯುತ್ತಿದ್ದರು. ಕೆಲವೊಮ್ಮೆ ಉಜ್ಜಿದ ಜಾಗದಲ್ಲಿ ಹಳೆಯ ಗೆರೆಯ ನೆರಳು ಭೂತಗನ್ನಡಿಗೆ ಸಿಗುತ್ತದೆ.

ಇನ್ನೂ ಒಂದು ಸಾಕ್ಷಿ ಬೆನ್ನಲ್ಲೇ ಇದೆ. ಅಟ್ಲಾಸಿನ ದೊಡ್ಡ ನಕ್ಷೆಗಳನ್ನು ನಡುವೆ ಮಡಚಿ, ಮಡಿಕೆಯ ಹಿಂದೆ ಒಂದು ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ಹೊಲಿಗೆಗೆ ಸೇರಿಸುತ್ತಿದ್ದರು. ಆ ಪಟ್ಟಿ ಅಥವಾ ಅದರ ಅಂಟಿನ ಕಲೆ ಈಗಲೂ ಉಳಿದಿರಬಹುದು. ಹಾಗೆಯೇ ಗ್ರಂಥಾಲಯದ ಮೊಹರು, ಅಥವಾ ಮೊಹರು ಕೆರೆದು ತೆಗೆದ ತೆಳು ಜಾಗ ಇದೆಯೇ ಹುಡುಕಿ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೆಲಕ್ಕೆ ಬಿದ್ದ ಒಂದು ಬ್ಲೇಡಿನಿಂದ ಫೋರ್ಬ್ಸ್ ಸ್ಮೈಲಿ ಎಂಬ ನಕ್ಷೆ ವ್ಯಾಪಾರಿ ಸಿಕ್ಕಿಬಿದ್ದ. 97 ನಕ್ಷೆ ಕದ್ದಿದ್ದಾಗಿ ಒಪ್ಪಿಕೊಂಡ. ಕದ್ದ ಹಾಳೆ ಅಗ್ಗಕ್ಕೆ ಸಿಕ್ಕರೂ ಕೊನೆಗೆ ಕೈ ತಪ್ಪುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ.

ಮೂರನೇ ಹೆಜ್ಜೆ: ಕಾಗದವನ್ನು ಬೆಳಕಿಗೆ ಹಿಡಿಯಿರಿ

17ನೇ ಶತಮಾನದ ಕಾಗದ ಕೈಯಿಂದ ಮಾಡಿದ್ದು. ತಂತಿಯ ಜರಡಿಯ ಮೇಲೆ ಚಿಂದಿಬಟ್ಟೆಯ ತಿರುಳು ಎತ್ತಿ ಒಣಗಿಸಿದ್ದು. ಬೆಳಕಿಗೆ ಹಿಡಿದರೆ ಜರಡಿಯ ಗುರುತು ಕಾಣಲೇಬೇಕು. ಒತ್ತೊತ್ತಾದ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ಸುಮಾರು ಎರಡೂವರೆ ಸೆಂ.ಮೀ. ಅಂತರದಲ್ಲಿ ದಪ್ಪ ಗೆರೆಗಳು. ಈ ಗೆರೆಗಳಿಲ್ಲದ ನಯವಾದ ಕಾಗದ ಯೂರೋಪಿನಲ್ಲಿ ಶುರುವಾದದ್ದು 1750ರ ದಶಕದಲ್ಲಿ. ಆದ್ದರಿಂದ ಬ್ಲೌ ಹಾಳೆ ಎಂದು ಕೊಟ್ಟದ್ದು ಗೆರೆಯಿಲ್ಲದ ಕಾಗದವಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ವಾಟರ್‌ಮಾರ್ಕ್ ಕಂಡರೆ ಫೋಟೋ ತೆಗೆದಿಡಿ. ವಿದೂಷಕನ ಟೋಪಿ, ಲಿಲ್ಲಿ ಹೂವು, ದ್ರಾಕ್ಷಿ ಗೊಂಚಲು ಆ ಕಾಲದಲ್ಲಿ ಸಾಮಾನ್ಯ. ಆದರೆ ಒಂದೇ ಗುರುತನ್ನು ಹತ್ತಾರು ಗಿರಣಿಗಳು ಬಳಸುತ್ತಿದ್ದವು. ಅದೊಂದನ್ನೇ ನೆಚ್ಚಿ ವರ್ಷ ಹೇಳಬೇಡಿ.

ಯುವಿ ಟಾರ್ಚಿನ ಕೆಲಸ ಇಲ್ಲಿ. ಕತ್ತಲೆ ಕೋಣೆಯಲ್ಲಿ ಬೆಳಕು ಬಿಡಿ. ಕಾಗದ ಫಳಫಳ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪಿನ ರಾಸಾಯನಿಕ ಇದೆ, ಅಂದರೆ 20ನೇ ಶತಮಾನದ ಮಧ್ಯಭಾಗದ ನಂತರದ್ದು. ಹಳೆಯ ಕಾಗದ ಮಂಕಾಗಿಯೇ ಇರುತ್ತದೆ. ಅಲ್ಲಲ್ಲಿ ಮಾತ್ರ ಹೊಳೆದರೆ ಆ ಜಾಗ ರಿಪೇರಿ ಆಗಿರಬಹುದು.

ನಾಲ್ಕನೇ ಹೆಜ್ಜೆ: ಗೆರೆ ಓದಿ

ಇದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಹೊಸ 500 ರೂಪಾಯಿ ನೋಟು ತೆಗೆದುಕೊಳ್ಳಿ. ಗಾಂಧೀಜಿಯ ಚಿತ್ರ ಅಚ್ಚಾಗಿರುವುದು ಕೊರೆದ ತಗಡಿನಿಂದಲೇ. ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಮೈಸೂರಿನ ನೋಟು ಮುದ್ರಣಾಲಯದ ಈ ಕೆಲಸಕ್ಕೂ ಬ್ಲೌನ ಅಚ್ಚುಕೂಟದ ಕೆಲಸಕ್ಕೂ ಮೂಲ ತತ್ವ ಒಂದೇ. ಗೆರೆಯನ್ನು ಕೊರೆ, ಕುಳಿಗೆ ಮಸಿ ತುಂಬು, ಮೇಲಿನದ್ದನ್ನು ಒರೆಸು, ಭಾರಿ ಒತ್ತಡದಲ್ಲಿ ಕಾಗದ ಒತ್ತು. ಕುಳಿಯಲ್ಲಿದ್ದ ಮಸಿ ಕಾಗದಕ್ಕೆ ಬಂದು ಉಬ್ಬಿ ನಿಲ್ಲುತ್ತದೆ.

ಈಗ ಭೂತಗನ್ನಡಿಯಲ್ಲಿ ಅದೇ ನೋಟಿನ ಗಾಂಧೀಜಿಯನ್ನೂ ಇವತ್ತಿನ ಪೇಪರಿನ ಬಣ್ಣದ ಜಾಹೀರಾತನ್ನೂ ನೋಡಿ. ನೋಟಿನಲ್ಲಿ ಗಟ್ಟಿ ಗೆರೆ. ಜಾಹೀರಾತಿನಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳ ಗುಂಪು. ನಿಮ್ಮ ‘ಹಳೆಯ’ ನಕ್ಷೆಯಲ್ಲಿ ಇಂಥ ಚುಕ್ಕಿ ಕಂಡರೆ ಅದು ಆಫ್‌ಸೆಟ್ ಪ್ರತಿ. ಗೋಡೆಗೆ ಚಂದ, ಬೆಲೆ ಪೋಸ್ಟರಿನದ್ದೇ.

ತಾಮ್ರದಲ್ಲಿ ಕೊರೆದ ಗೆರೆಗೆ ಇನ್ನೊಂದು ಲಕ್ಷಣ ಇದೆ. ಉಳಿ ಇಳಿಯುತ್ತಾ, ಏಳುತ್ತಾ ಹೋಗುವುದರಿಂದ ಗೆರೆ ಚೂಪಾಗಿ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಕಾಲುವೆಯ ನೀರಿನ ಅಲೆ, ಮನೆಗಳ ನೆರಳು ಬರೆದ ಕಡೆ ಇದು ಚೆನ್ನಾಗಿ ತಿಳಿಯುತ್ತದೆ. ಕಲ್ಲಚ್ಚಿನಲ್ಲಿ (ಲಿಥೊಗ್ರಫಿಯಲ್ಲಿ) ಹೀಗಾಗದು, ಮಸಿ ಕಾಗದದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅದರ ಮೂಲ ಪುಟ ನೋಡಿದವರಿಗೆ ಈ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಕಲ್ಲಚ್ಚು ಕಂಡುಹಿಡಿದದ್ದೇ 1790ರ ದಶಕದಲ್ಲಿ. ಹಾಗಾಗಿ 17ನೇ ಶತಮಾನದ ನಕ್ಷೆ ಕಲ್ಲಚ್ಚಿನದಾಗಿರಲು ಸಾಧ್ಯವೇ ಇಲ್ಲ.

ಆಮೇಲೆ ತಗಡಿನ ಅಂಚು. ಒತ್ತಡಕ್ಕೆ ತಗಡಿನ ನಾಲ್ಕೂ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರುತ್ತದೆ. ಟಾರ್ಚನ್ನು ಹಾಳೆಯ ಮಟ್ಟಕ್ಕೆ ಪಕ್ಕದಿಂದ ಹಿಡಿದರೆ ಕಾಣುತ್ತದೆ. ಈ ಗುರುತು ಇಲ್ಲದಿದ್ದರೆ ಎರಡು ಸಾಧ್ಯತೆ: ಅಂಚು ಕತ್ತರಿಸಿಬಿಟ್ಟಿದ್ದಾರೆ, ಅಥವಾ ತಗಡೇ ಇರಲಿಲ್ಲ. ಗುರುತು ಇದೆ ಅಂತ ಮೈಮರೆಯಲೂಬೇಡಿ. ಒಳ್ಳೆಯ ಮರುಮುದ್ರಣಗಳಲ್ಲಿ ಸುಳ್ಳು ಗುರುತನ್ನೂ ಒತ್ತಿರುತ್ತಾರೆ. ಬ್ಲೌನ ಅಟ್ಲಾಸಿನ ದೊಡ್ಡ ಊರುಗಳ ತಗಡು ಸಾಮಾನ್ಯವಾಗಿ 40 × 50 ಸೆಂ.ಮೀ. ಆಸುಪಾಸು. ಅಳತೆ ತೀರಾ ಬೇರೆಯಾಗಿದ್ದರೆ ಏಕೆ ಅಂತ ಕೇಳಿ.

ಐದನೇ ಹೆಜ್ಜೆ: ಬಣ್ಣ

ಆ ಕಾಲದ ನಕ್ಷೆಗಳು ಕಪ್ಪು ಬಿಳುಪಿನಲ್ಲೇ ಅಚ್ಚಾಗುತ್ತಿದ್ದವು. ಬೇಕೆಂದವರಿಗೆ ಕೈಯಿಂದ ಬಣ್ಣ ಹಾಕಿಕೊಡುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನ ಡಿರ್ಕ್ ಯಾನ್ಸ್ ಫನ್ ಸಾಂಟನ್ ಅಂಥವರು ಚಿನ್ನದ ಬಣ್ಣವನ್ನೂ ಬಳಸಿ ಹೆಸರು ಮಾಡಿದರು. ಬಣ್ಣವಿಲ್ಲದ ಹಾಳೆ ಕೀಳೇನಲ್ಲ. ನನ್ನನ್ನು ಕೇಳಿದರೆ ಹೋದ ತಿಂಗಳು ಬಣ್ಣ ಬಳಿದ ಹಾಳೆಗಿಂತ ಬಣ್ಣವಿಲ್ಲದ್ದೇ ಎಷ್ಟೋ ಮೇಲು, ಗೆರೆಯಾದರೂ ಸ್ವಚ್ಛವಾಗಿ ಕಾಣುತ್ತದೆ.

ಹಳೆಯ ಬಣ್ಣವನ್ನು ಹಸಿರಿನಲ್ಲಿ ಹಿಡಿಯಬಹುದು. ಆಗಿನ ಹಸಿರು ತಾಮ್ರದ ಕಿಲುಬಿನದು. ಅದು ನಿಧಾನವಾಗಿ ಕಾಗದವನ್ನು ತಿನ್ನುತ್ತದೆ. ಮುಂಭಾಗದಲ್ಲಿ ಹೊಲ, ತೋಟಕ್ಕೆ ಹಸಿರು ಹಾಕಿದ ಕಡೆ ಹಿಂಬದಿಯಲ್ಲಿ ಕಂದು ನೆರಳು ಬಿದ್ದಿರುತ್ತದೆ. ತೀರಾ ಕೆಟ್ಟಿದ್ದರೆ ಅಲ್ಲೇ ಬಿರುಕು ಬಿಟ್ಟಿರುತ್ತದೆ. ಅಂಥ ಹಾಳೆಯನ್ನು ಮಡಚಬೇಡಿ. ಇನ್ನೊಂದು ಪರೀಕ್ಷೆ ನಡುವಿನ ಮಡಿಕೆಯದು. ಮಡಿಕೆ ಸವೆದು ನಾರು ಎದ್ದಮೇಲೆ ಬಣ್ಣ ಹಾಕಿದ್ದರೆ, ಬಣ್ಣ ಆ ನಾರಿನೊಳಗೆ ಇಳಿದು ಗಾಢವಾಗುತ್ತದೆ. ಮೊದಲೇ ಹಾಕಿದ್ದರೆ ಮಡಿಕೆಯಲ್ಲಿ ಬಣ್ಣ ಸವೆದು ಬಿಳಿ ಕಾಣುತ್ತದೆ. ನೀರು ಮುಟ್ಟಿಸಿ ಪರೀಕ್ಷೆ ಮಾಡುವ ಸಾಹಸ ಬೇಡ.

ಆರನೇ ಹೆಜ್ಜೆ: ಊರೊಳಗೆ ಓಡಾಡಿ

ಕೊಳ್ಳುವುದಕ್ಕೆ ಇದು ಅಷ್ಟು ಮುಖ್ಯ ಅಲ್ಲದಿರಬಹುದು. ಆದರೆ ನಕ್ಷೆ ಇಟ್ಟುಕೊಳ್ಳುವ ಸುಖ ಇರುವುದೇ ಇಲ್ಲಿ, ಅಲ್ವಾ?

ಮೊದಲು ದಿಕ್ಕು ಹುಡುಕಿ. ಆ ಕಾಲದ ನಕ್ಷೆಗಳಲ್ಲಿ ಮೇಲೆ ಉತ್ತರವೇ ಇರಬೇಕೆಂಬ ನಿಯಮ ಇರಲಿಲ್ಲ. ಫೋನಿನ ಮ್ಯಾಪಿನಲ್ಲಿ ಡೆಲ್ಫ್ಟ್ ತೆರೆದು, ಮಾರುಕಟ್ಟೆ ಚೌಕ ಹುಡುಕಿ, ನಕ್ಷೆಯ ದಿಕ್ಕಿಗೆ ತಿರುಗಿಸಿಕೊಳ್ಳಿ. ಚೌಕದ ಒಂದು ತುದಿಗೆ ಹೊಸ ಚರ್ಚು, ಎದುರು ತುದಿಗೆ ಪುರಭವನ. ಪುರಭವನ 1618ರಲ್ಲಿ ಸುಟ್ಟುಹೋಗಿ, ಹೆಂಡ್ರಿಕ್ ಡೆ ಕೈಸರ್ ಅದನ್ನು ಮತ್ತೆ ಕಟ್ಟಿದ. ಅಲ್ಲಿಂದ ಔಡೆ ಡೆಲ್ಫ್ಟ್ ಎಂಬ ಕಾಲುವೆಗೆ ಹೋದರೆ ವಾಲಿದ ಗೋಪುರದ ಹಳೆ ಚರ್ಚು, ಎದುರಿಗೆ ಪ್ರಿನ್ಸೆನ್‌ಹೋಫ್. 1584ರ ಜುಲೈ 10ರಂದು ಸ್ಪೇನಿನ ವಿರುದ್ಧದ ದಂಗೆಯ ನಾಯಕ ಆರೆಂಜಿನ ವಿಲಿಯಂ ಅಲ್ಲೇ ಗುಂಡೇಟಿಗೆ ಬಲಿಯಾದ. ಅದೇ ಕಾಲುವೆ ದಂಡೆಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮನೆ ಇತ್ತು. ಕಂಪನಿಯ ಆರು ಶಾಖೆಗಳಲ್ಲಿ ಡೆಲ್ಫ್ಟ್ ಒಂದು. ಅಕ್ಕಿ, ಮೆಣಸಿನ ವ್ಯಾಪಾರಕ್ಕೆ ಕುಂದಾಪುರದ ಪಕ್ಕದ ಬಸ್ರೂರಿನಲ್ಲಿ ಕೋಠಿ ಇಟ್ಟಿದ್ದೂ ಇದೇ ಕಂಪನಿ.

ಈಗ ಊರಿನ ಈಶಾನ್ಯ ಮೂಲೆಗೆ ಬನ್ನಿ. 1654ರ ಅಕ್ಟೋಬರ್ 12ರಂದು ಅಲ್ಲಿನ ಸಿಡಿಮದ್ದಿನ ಉಗ್ರಾಣ ಸಿಡಿಯಿತು. ಒಳಗೆ ಸುಮಾರು 90,000 ಪೌಂಡ್ ಮದ್ದಿತ್ತು. ಆ ಭಾಗವೇ ನೆಲಸಮವಾಯಿತು. ಚಿತ್ರಕಾರ ಕಾರೆಲ್ ಫಾಬ್ರಿಟಿಯಸ್ ಸತ್ತದ್ದೂ ಆಗಲೇ. ಖಾಲಿಯಾದ ಜಾಗ ಆಮೇಲೆ ಕುದುರೆ ಸಂತೆಯ ಬಯಲಾಯಿತು. ಬ್ಲೌನ ಅಟ್ಲಾಸ್ ಇದಕ್ಕಿಂತ ಐದು ವರ್ಷ ಮುಂಚಿನದು. ಸಿಡಿತದಲ್ಲಿ ಹೋದ ಬೀದಿಗಳು ಆ ಹಾಳೆಯಲ್ಲಿ ಇನ್ನೂ ನಿಂತಿವೆ.

ಇಲ್ಲಿ ಬಹಳ ಜನ ಎಡವುತ್ತಾರೆ. ‘ಸಿಡಿತಕ್ಕೆ ಮುಂಚಿನ ಮನೆಗಳು ಕಾಣುತ್ತಿವೆ, ಹಾಗಾದರೆ ಈ ಹಾಳೆ 1654ಕ್ಕೆ ಮುಂಚಿನದು’ ಎಂಬ ತರ್ಕ ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಊರು ಬದಲಾದ ತಕ್ಷಣ ತಗಡು ತಿದ್ದಬೇಕೆಂದು ಯಾವ ಪ್ರಕಾಶಕನಿಗೂ ಕಡ್ಡಾಯ ಇರಲಿಲ್ಲ. ಹೊಸ ಕಟ್ಟಡ ಕಂಡರೆ ಹಾಳೆ ಅದಕ್ಕಿಂತ ಹಳೆಯದಲ್ಲ ಎಂದು ಖಚಿತವಾಗಿ ಹೇಳಬಹುದು. ಹಳೆಯ ಕಟ್ಟಡ ಕಂಡರೆ ಏನನ್ನೂ ಹೇಳಲಾಗದು. ಹಾಳೆಯ ವಯಸ್ಸಿಗೆ ಮತ್ತೆ ಬೆನ್ನಿಗೇ ಹೋಗಬೇಕು.

ದಕ್ಷಿಣದ ತುದಿಯಲ್ಲಿ ಬಂದರಿನ ಕೊಳ, ಅದರ ಬಳಿ ಸ್ಕೀಡಾಮ್ ಬಾಗಿಲು, ರೋಟರ್‌ಡ್ಯಾಮ್ ಬಾಗಿಲು ಇವೆ. ಚಿತ್ರಕಾರ ವರ್ಮೀರ್ 1660ರ ಹೊತ್ತಿಗೆ ಬರೆದ ಡೆಲ್ಫ್ಟ್ ನೋಟದಲ್ಲಿ ಕಾಣುವುದು ಇವೇ ಬಾಗಿಲುಗಳು. ಎರಡನ್ನೂ 19ನೇ ಶತಮಾನದಲ್ಲಿ ಕೆಡವಿದರು. ಈಗ ಉಳಿದಿರುವ ಹಳೆಯ ಬಾಗಿಲು ಪೂರ್ವದ್ದು ಮಾತ್ರ.

ಹೋಲಿಸಿ ನೋಡಲು ದುಡ್ಡು ಬೇಡ. ರೈಕ್ಸ್‌ಮ್ಯೂಸಿಯಂ, ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯ, ಆಮ್‌ಸ್ಟರ್‌ಡ್ಯಾಮಿನ ಅಲಾರ್ಡ್ ಪಿಯರ್ಸನ್ ಸಂಗ್ರಹಾಲಯ, ಡೆಲ್ಫ್ಟ್ ಊರಿನ ದಾಖಲೆ ಕಚೇರಿ ತಮ್ಮಲ್ಲಿರುವ ಎಷ್ಟೋ ಹಳೆಯ ನಕ್ಷೆಗಳನ್ನು ಆನ್‌ಲೈನಿನಲ್ಲಿ ಇಟ್ಟಿವೆ. ಬ್ಲೌ ಹಾಳೆಯ ಶೀರ್ಷಿಕೆ ‘ಡೆಲ್ಫಿ ಬಟಾವೋರುಂ’ ಎಂಬ ಲ್ಯಾಟಿನ್ ಮಾತಿನಿಂದ ಶುರುವಾಗುತ್ತದೆ. ನಿಮ್ಮ ಹಾಳೆಯ ಮೂಲೆಗಳು, ಲಾಂಛನಗಳು, ಅಕ್ಷರಗಳ ಬಾಲ ಇವನ್ನು ಅಲ್ಲಿನ ಚಿತ್ರದ ಜೊತೆ ಒಂದೊಂದೇ ಹೋಲಿಸಿ. ಬೇರೆಯವರು ನೋಡಿ ಕೊರೆದ ತಗಡಾದರೆ ಅಕ್ಷರಗಳ ಬಾಲದಲ್ಲೇ ಸಿಕ್ಕಿಬೀಳುತ್ತದೆ.

ಏಳನೇ ಹೆಜ್ಜೆ: ಸ್ಥಿತಿ ನೋಡಿ ಚೌಕಾಸಿ

ಅಂಚು ಅಗಲವಾಗಿ ಉಳಿದಿದೆಯೇ, ಮಡಿಕೆ ಕೆಳಗಿನಿಂದ ಹರಿದಿದೆಯೇ, ಕಂದು ಚುಕ್ಕಿ ಎಷ್ಟಿದೆ, ಹುಳ ತಿಂದಿದೆಯೇ, ಅಚ್ಚು ಗಾಢವೋ ಪೇಲವವೋ. ಬೆಲೆ ನಿಲ್ಲುವುದು ಇವುಗಳ ಮೇಲೆ. ತಗಡು ಸವೆದಂತೆ ಸಣ್ಣ ಗೆರೆಗಳೇ ಮೊದಲು ಮಾಯ. ಕೆಳಗಿನ ಮಡಿಕೆ ಒಂದೆರಡು ಸೆಂ.ಮೀ. ಹರಿದಿದ್ದರೆ ಚಿಂತೆ ಬೇಡ, ಅಟ್ಲಾಸಿನ ಹಾಳೆಗಳಲ್ಲಿ ಅದು ಮಾಮೂಲು. ಸೆಲೋಟೇಪ್ ಅಂಟಿಸಿದ್ದರೆ ಮಾತ್ರ ಬೆಲೆ ಚೆನ್ನಾಗಿ ಇಳಿಸಿ, ಆ ಅಂಟು ತೆಗೆಯುವುದು ಪರಿಣತರ ಕೆಲಸ. ಪೂರ್ತಿ ಹಾಳೆಯನ್ನು ರಟ್ಟಿಗೆ ಅಂಟಿಸಿದ್ದರೆ ಬಿಟ್ಟುಬಿಡಿ. ಬೆನ್ನು ಕಾಣದ ನಕ್ಷೆಗೆ ಇಷ್ಟೆಲ್ಲ ಪರೀಕ್ಷೆ ಮಾಡುವುದಾದರೂ ಹೇಗೆ?

ಎಂಟನೇ ಹೆಜ್ಜೆ: ತರುವಾಗಿನ ಕಾಗದಪತ್ರ

ಬಿಲ್ಲಿನಲ್ಲಿ ಪ್ರಕಾಶಕನ ಹೆಸರು, ಊರು, ಅಚ್ಚಿನ ಅಂದಾಜು ವರ್ಷ, ‘ಮೂಲ ಪ್ರತಿ’ ಎಂಬ ಮಾತು, ಸ್ಥಿತಿಯ ವಿವರ ಇರಲಿ. ಯೂರೋಪಿಯನ್ ಒಕ್ಕೂಟದಿಂದ 200 ವರ್ಷಕ್ಕಿಂತ ಹಳೆಯ ಅಚ್ಚಿನ ನಕ್ಷೆ ಹೊರಗೆ ತರುವಾಗ, ಬೆಲೆ 15,000 ಯೂರೋ ಮಟ್ಟಕ್ಕೆ ಏರಿದರೆ ರಫ್ತು ಪರವಾನಗಿ ಬೇಕು. ಡೆಲ್ಫ್ಟ್‌ನ ಬಿಡಿ ಹಾಳೆ ಸಾಮಾನ್ಯವಾಗಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಭಾರತದ ಕಸ್ಟಮ್ಸ್ ಪಟ್ಟಿಯಲ್ಲಿ ನೂರು ವರ್ಷಕ್ಕಿಂತ ಹಳೆಯ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಬಿಲ್ಲಿನಲ್ಲಿ ವಯಸ್ಸು ಸ್ಪಷ್ಟವಾಗಿದ್ದರೆ ಅಲ್ಲಿ ತಕರಾರು ಕಮ್ಮಿ. ಸುಂಕ ಎಷ್ಟು ಅಂತ ಕೊಳ್ಳುವ ವಾರದಲ್ಲೇ ವಿಚಾರಿಸಿಕೊಳ್ಳಿ. ಸುರುಳಿ ಸುತ್ತಿಸಬೇಡಿ. ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಕಳುಹಿಸಲು ಹೇಳಿ.

ಒಂಬತ್ತನೇ ಹೆಜ್ಜೆ: ನಮ್ಮ ಹವೆಯಲ್ಲಿ ಉಳಿಸಿಕೊಳ್ಳುವುದು

ಡೆಲ್ಫ್ಟ್‌ನಲ್ಲಿ ಮುನ್ನೂರು ವರ್ಷ ಬಾಳಿದ ಹಾಳೆ ಉಡುಪಿಯ ಎರಡು ಮಳೆಗಾಲದಲ್ಲಿ ಬೂಸ್ಟು ಹಿಡಿಯಬಹುದು. ತೇವ 50 ಶೇಕಡಾ ಆಸುಪಾಸು ಇದ್ದರೆ ಕಾಗದಕ್ಕೆ ಹಿತ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದೆ ಅದು ಕಷ್ಟ. ಬೆಂಗಳೂರು, ಮೈಸೂರಿನವರು ಸ್ವಲ್ಪ ನಿಶ್ಚಿಂತೆಯಿಂದ ಇರಬಹುದು. ಎಲ್ಲಿದ್ದರೂ ಮಳೆ ಬಡಿಯುವ ಹೊರಗೋಡೆಗೆ, ಬಚ್ಚಲಿಗೆ ಅಂಟಿದ ಗೋಡೆಗೆ ತೂಗುಹಾಕಬೇಡಿ.

ಚೌಕಟ್ಟು ಹಾಕಿಸುವಾಗ ಅಂಗಡಿಯಲ್ಲಿ ನಿಂತು ಮಾಡಿಸಿ. ಮಾಮೂಲಿ ಚೌಕಟ್ಟಿನವರು ಹಿಂದೆ ಹಾರ್ಡ್‌ಬೋರ್ಡ್ ಇಟ್ಟು, ಫೆವಿಕಾಲ್ ಹಚ್ಚಿ, ಗಾಜನ್ನು ನೇರ ಒತ್ತಿಬಿಡುತ್ತಾರೆ. ಹಾರ್ಡ್‌ಬೋರ್ಡಿನ ಆಮ್ಲ ಕಾಗದವನ್ನು ಕಂದಾಗಿಸುತ್ತದೆ. ಆಮ್ಲರಹಿತ ರಟ್ಟು ನೀವೇ ತೆಗೆದುಕೊಂಡು ಹೋಗಿ ಕೊಡಿ. ಹಾಳೆಯನ್ನು ಮೇಲಿನ ಅಂಚಿನ ಎರಡು ಕಡೆ ಮಾತ್ರ, ಜಪಾನಿ ತೆಳು ಕಾಗದದ ಚಿಕ್ಕ ಪಟ್ಟಿ ಮತ್ತು ಗೋಧಿಯ ಗಂಜಿ ಅಂಟಿನಿಂದ ಹಿಡಿಸಬೇಕು. ಬೇಕಾದಾಗ ಒದ್ದೆ ಹತ್ತಿಯಿಂದ ಬಿಡಿಸಬಹುದು. ಗಾಜಿಗೂ ಹಾಳೆಗೂ ನಡುವೆ ಅಂತರ ಇರಲೇಬೇಕು, ಇಲ್ಲದಿದ್ದರೆ ತೇವ ಕೂತು ಮಸಿ ಗಾಜಿಗೆ ಅಂಟುತ್ತದೆ. ಯುವಿ ತಡೆಯುವ ಗಾಜು ಸಿಕ್ಕರೆ ಒಳ್ಳೆಯದು. ಆದರೂ ಬಿಸಿಲು ಬೀಳುವ ಜಾಗ ಬೇಡ. ಮ್ಯೂಸಿಯಂಗಳು ಬಣ್ಣ ಹಾಕಿದ ಕಾಗದಕ್ಕೆ 50 ಲಕ್ಸ್ ಬೆಳಕಷ್ಟೇ ಬಿಡುತ್ತವೆ, ಹೆಚ್ಚು ಕಡಿಮೆ ಮಬ್ಬುಗತ್ತಲೆ. ಲ್ಯಾಮಿನೇಶನ್ ಮಾಡಿಸಿದರೆ ನಕ್ಷೆಯ ಕತೆ ಅಲ್ಲಿಗೇ ಮುಗಿಯಿತು.

ಗೋಡೆಗೆ ಹಾಕದಿದ್ದರೆ ಆಮ್ಲರಹಿತ ಫೋಲ್ಡರಿನಲ್ಲಿ ಚಪ್ಪಟೆಯಾಗಿ, ನೆಲಕ್ಕಿಂತ ಮೇಲೆ ಇಡಿ. ವರ್ಷಕ್ಕೆರಡು ಸಲ ತೆಗೆದು ಬೆಳ್ಳಿಹುಳ ಇದೆಯೇ ನೋಡಿ. ಯಾವ ಆವೃತ್ತಿ, ಎಲ್ಲಿ ಕೊಂಡಿದ್ದು, ಬಿಲ್ಲಿನ ಪ್ರತಿ ಎಲ್ಲವೂ ಫೋಲ್ಡರಿನ ಜೊತೆಗಿರಲಿ, ನಕ್ಷೆಯ ಮೇಲೆ ಏನೂ ಬರೆಯಬೇಡಿ. ಆ ಬಿಲ್ಲು ಇನ್ನೊಂದು ಕಾರಣಕ್ಕೂ ಬೇಕು. ಭಾರತದಲ್ಲಿ ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಮುಂದೆ ವಿದೇಶಕ್ಕೆ ಮನೆ ಬದಲಾಯಿಸುವ ಯೋಚನೆ ಇದ್ದರೆ, ನಕ್ಷೆಯನ್ನು ಇಲ್ಲಿಗೆ ತರುವ ಮೊದಲೇ ಭಾರತೀಯ ಪುರಾತತ್ವ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ, ತಂದ ದಿನದ ಕಸ್ಟಮ್ಸ್ ರಸೀದಿಯನ್ನೂ ಬಿಲ್ಲಿನ ಜೊತೆ ಜೋಪಾನ ಮಾಡಿ.